ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ನು!

“ಇದು ಕುರಿ ಮಾಂಸಾನೇ ಕಣೋ, ಧೈರ್ಯವಾಗಿ ತಿನ್ನು” ಅಂತ ರೂಮ್‌ಮೇಟ್‌ಗೆ ಹೇಳಿದ್ದು ನಾನೇ. ಎಂಬಿಬಿಎಸ್ ಓದಲು ಚೀನಾಕ್ಕೆ ಬಂದು ಆಗಿನ್ನೂ ಒಂದು ವಾರ. ನಾನು ದಾವಣಗೆರೆಯವನು, ಅವನು ಕಲಬುರಗಿಯವನು. ಹಾಸ್ಟೆಲ್ ಪಕ್ಕದ ಅಂಗಡಿಯಲ್ಲಿ ಬಿದಿರಿನ ಬುಟ್ಟಿಗಳಿಂದ ಹಬೆ ಏಳುತ್ತಿತ್ತು. ಒಳಗೆ ಬೆಳ್ಳಗೆ, ದುಂಡಗೆ ಬಾವ್‌ಝ. ಕೈಸನ್ನೆಯಲ್ಲಿ ಕೇಳಿದಾಗ ಅಂಗಡಿಯ ಆಂಟಿ “ರೋ” ಅಂದರು. ರೋ ಅಂದರೆ ಮಾಂಸ ಅಂತ ಮೊಬೈಲ್ ಹೇಳಿತು. ಮಿಕ್ಕಿದ್ದು ನನ್ನ ಊಹೆ.

ಮೂರು ದಿನ ಚಪ್ಪರಿಸಿ ತಿಂದೆವು. ನಾಲ್ಕನೇ ದಿನ ಸೀನಿಯರ್ ಒಬ್ಬರು, “ಇಲ್ಲಿ ಬರೀ ರೋ ಅಂದ್ರೆ ಹಂದಿ ಮಾಂಸ ಅಂತಲೇ ಲೆಕ್ಕ” ಅಂದರು. ನನ್ನ ಗೆಳೆಯ ಮುಸ್ಲಿಂ. ಅವತ್ತು ರಾತ್ರಿವರೆಗೂ ಅವನು ಏನೂ ತಿನ್ನಲಿಲ್ಲ. ನಾನು ಕ್ಷಮೆ ಕೇಳಿದಾಗ, “ನೀ ಬೇಕಂತ ಮಾಡಿಲ್ಲ, ಬಿಡು. ಆದ್ರ ಇನ್ಮ್ಯಾಲ ಗೊತ್ತಿಲ್ದಿದ್ರ ಗೊತ್ತಿಲ್ಲ ಅನ್ನು” ಅಂದ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಆಮೇಲೆ ಕೂತು ಕಲಿತೆ. ಹೊರಗಿನದು ಗೋಧಿಯ ಬಿಳಿ ಹಿಟ್ಟು, ನೀರು, ಯೀಸ್ಟ್, ಚೂರು ಸಕ್ಕರೆ. ಮೋಮೊ ಹಿಟ್ಟನ್ನು ಸಾಮಾನ್ಯವಾಗಿ ಹುದುಗಿಸುವುದಿಲ್ಲ, ಇದನ್ನು ಹುದುಗಿಸುತ್ತಾರೆ. ಅದಕ್ಕೇ ಇಷ್ಟು ಮೆತ್ತಗೆ. ಒಳಗೆ ಕೊಚ್ಚಿದ ಹಂದಿ ಮಾಂಸ, ಈರುಳ್ಳಿ ಸೊಪ್ಪು, ಶುಂಠಿ, ಸೋಯಾ ಸಾಸ್, ಎಳ್ಳೆಣ್ಣೆ. ರಸಭರಿತವಾಗಿರಲಿ ಅಂತ ಮಾಂಸದಲ್ಲಿ ಮೂರು ಪಾಲು ಕೊಬ್ಬು, ಏಳು ಪಾಲು ಕೊಬ್ಬಿಲ್ಲದ ಮಾಂಸ ಸೇರಿಸುವುದು ರೂಢಿ. ಹಬೆಯಲ್ಲಿ ಬೆಂದಿದ್ದೆಲ್ಲ ಹಗುರ ಅನ್ನೋದು ನಮ್ಮ ಭ್ರಮೆ. 100 ಗ್ರಾಂನಲ್ಲಿ ಸುಮಾರು 230 ಕ್ಯಾಲೊರಿ, 7 ಗ್ರಾಂ ಪ್ರೋಟೀನ್, 10 ಗ್ರಾಂ ಕೊಬ್ಬು, 28 ಗ್ರಾಂ ಕಾರ್ಬೋಹೈಡ್ರೇಟ್. ನಾರಿನಂಶ ಕಡಿಮೆ. ಸೋಯಾ ಸಾಸ್‌ನಲ್ಲಿ ಉಪ್ಪು ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಅನ್ನುತ್ತದೆ. ಬೆಳಿಗ್ಗೆಯೇ ನಾಲ್ಕು ನುಂಗಿದರೆ ದಿನದ ಲೆಕ್ಕ ತಪ್ಪುತ್ತದೆ.

ಹೆಸರುಗಳನ್ನೂ ಬಾಯಿಪಾಠ ಮಾಡಿದೆ. ಝೂ ಹಂದಿ, ನ್ಯೂ ದನ, ಯಾಂಗ್ ಕುರಿ. ‘ಸು’ ಅಂದರೆ ಸಸ್ಯಾಹಾರ. ಆದರೂ ಕೆಲವು ಕಡೆ ತರಕಾರಿ ಹೂರಣಕ್ಕೆ ರುಚಿಗೆಂದು ಹಂದಿ ಕೊಬ್ಬು ಬೆರೆಸುತ್ತಾರೆ. ಹಾಗಾಗಿ ಸಸ್ಯಾಹಾರಿಗಳೂ “ಝೂ ಯೋ ಇದೆಯಾ?” ಅಂತ ಕೇಳಲೇಬೇಕು. ‘ಚಿಂಗ್‌ಝನ್’ ಎಂಬ ಫಲಕವಿದ್ದರೆ ಅದು ಹಲಾಲ್ ಅಂಗಡಿ.

ಅಂಥದ್ದೊಂದು ಅಂಗಡಿ ಎರಡು ಬಸ್ ಸ್ಟಾಪ್ ಆಚೆ ಸಿಕ್ಕಿತು. ಬೆಳಿಗ್ಗೆ ಅರ್ಧ ಗಂಟೆ ಬೇಗ ಎದ್ದು ಇಬ್ಬರೂ ಹೋದೆವು. “ಯಾಂಗ್ ರೋ?” ಅಂತ ಎರಡೆರಡು ಸಲ ಕೇಳಿದೆ. ಅಂಗಡಿಯವರು ತಲೆಯಾಡಿಸಿದರು. ಗೆಳೆಯ ನನ್ನ ಮುಖ ನೋಡಿದ. “ಈ ಸಲ ಗೊತ್ತು ಕಣೋ” ಅಂದೆ. ಬಿಸಿ ಬಾವ್‌ಝ ಮುರಿದು ಅರ್ಧ ನನ್ನ ಕೈಗಿಟ್ಟ.