ಗಣಕದ ತಿರುಳು ಮತ್ತು ಹ್ಯಾಸ್ಕೆಲ್ ಭಾಷೆ

ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನು ಗಣಕಯಂತ್ರವನ್ನು ಕುರಿತು ಬರೆಯಹೊರಟರೆ ವಿಜ್ಞಾನ ಓದುವ ಮಿತ್ರರು ನಗಬಹುದು. ನಗಲಿ. ನಾನು ಆರಿಸಿಕೊಂಡಿರುವ ವಿಷಯ ಯಂತ್ರಕ್ಕಿಂತ ಹೆಚ್ಚಾಗಿ ತರ್ಕಶಾಸ್ತ್ರಕ್ಕೆ ಸೇರಿದುದು. ತರ್ಕ ನಮ್ಮ ಪಾಲಿನದೇ. ಪ್ರಶ್ನೆ ಇಷ್ಟು: ಗಣಕದ ಅತ್ಯಂತ ಒಳಗಿನ ಕ್ರಮವಿಧಿಯನ್ನು ಯಂತ್ರಕ್ಕೆ ಹತ್ತಿರವಾದ ಭಾಷೆಯಲ್ಲಿಯೇ ಬರೆಯಬೇಕೆ, ಅಥವಾ ಗಣಿತಕ್ಕೆ ಹತ್ತಿರವಾದ ಭಾಷೆಯಲ್ಲಿ ಬರೆಯಬಹುದೆ?

ನಾವು ನೋಡುವ ಪರದೆಯ ಹಿಂದೆ ಆಪರೇಟಿಂಗ್ ಸಿಸ್ಟಂ ಎಂಬ ದೊಡ್ಡ ಏರ್ಪಾಡಿದೆ. ಅದರ ನಡುವಿನ ಭಾಗವೇ ಕರ್ನೆಲ್. ಕನ್ನಡದಲ್ಲಿ ‘ತಿರುಳು’ ಎಂದರೆ ಚೆನ್ನಾಗಿ ಒಪ್ಪುತ್ತದೆ. ಯಾವ ಕ್ರಮವಿಧಿಗೆ ಎಷ್ಟು ಮೆಮೊರಿ, ಯಾರ ಸರದಿ ಎಷ್ಟು ಹೊತ್ತು, ಒಬ್ಬರ ಪಾಲಿಗೆ ಇನ್ನೊಬ್ಬರು ಕೈಹಾಕದಂತೆ ತಡೆಯುವುದು ಹೇಗೆ, ಇವೆಲ್ಲವನ್ನೂ ನಿರ್ಧರಿಸುವುದು ಅದೇ. ಮೇಲಿನ ಕ್ರಮವಿಧಿಯೊಂದು ಕೆಟ್ಟರೆ ಅದೊಂದೇ ನಿಲ್ಲುತ್ತದೆ. ತಿರುಳೇ ಕೆಟ್ಟರೆ ಕಾಯುವವರಿಲ್ಲ. ೧೯೭೩ರಲ್ಲಿ ಯುನಿಕ್ಸ್‌ನ ತಿರುಳನ್ನು ಡೆನ್ನಿಸ್ ರಿಚಿಯವರ ಸಿ ಭಾಷೆಯಲ್ಲಿ ಹೊಸದಾಗಿ ಬರೆದರು. ಅಂದಿನಿಂದ ಈ ಕೆಲಸಕ್ಕೆ ಸಿ ಭಾಷೆಯೇ ರೂಢಿಯಾಗಿ ಬಂದಿದೆ.

ಸಿ ಆಜ್ಞೆಗಳ ಭಾಷೆ. ಈ ಪೆಟ್ಟಿಗೆಯಲ್ಲಿರುವ ಸಂಖ್ಯೆಯನ್ನು ತೆಗೆ, ಒಂದು ಕೂಡಿಸು, ಮತ್ತೆ ಅಲ್ಲಿಯೇ ಇಡು ಎಂದು ಯಂತ್ರಕ್ಕೆ ಹೇಳುತ್ತ ಹೋಗುತ್ತದೆ. ಅದರಲ್ಲಿ ‘ಅ = ಅ + ೧’ ಎಂದು ಬರೆಯುವುದು ದಿನನಿತ್ಯದ ಮಾತು. ಬೀಜಗಣಿತದ ಉಪಾಧ್ಯಾಯರ ಮುಂದೆ ಹಾಗೆ ಬರೆದರೆ ಏನಾದೀತೆಂಬುದನ್ನು ಹೇಳಬೇಕಾಗಿಲ್ಲ! ತರ್ಕಶಾಸ್ತ್ರಜ್ಞ ಹ್ಯಾಸ್ಕೆಲ್ ಕರಿಯವರ ಹೆಸರನ್ನು ಹೊತ್ತು ೧೯೯೦ರಲ್ಲಿ ಹೊರಬಂದ ಹ್ಯಾಸ್ಕೆಲ್ ಭಾಷೆ ಆ ಉಪಾಧ್ಯಾಯರ ಪಕ್ಷದ್ದು. ಅಲ್ಲಿ ಒಂದು ಹೆಸರಿಗೆ ಒಂದು ಬೆಲೆ ಎಂದಾದ ಮೇಲೆ ಅದು ಬದಲಾಗದು. ಕ್ರಮವಿಧಿಯೆಂದರೆ ಫಲನಗಳ ಜೋಡಣೆ. ಒಂದು ಫಲನಕ್ಕೆ ಅದೇ ಬೆಲೆಯನ್ನು ಎಷ್ಟು ಸಲ ಕೊಟ್ಟರೂ ಅದೇ ಉತ್ತರ. ಆದುದರಿಂದ ಸಮವಾದುದರ ಸ್ಥಾನದಲ್ಲಿ ಸಮವಾದುದನ್ನು ಇಟ್ಟು, ರೇಖಾಗಣಿತದ ಪ್ರಮೇಯವನ್ನು ಸಾಧಿಸುವಂತೆ, ಕ್ರಮವಿಧಿಯ ಗುಣವನ್ನು ಸಾಧಿಸಿ ತೋರಿಸಬಹುದು.

ಆದರೆ ತಿರುಳಿನ ಕೆಲಸವೆಲ್ಲ ಬದಲಾವಣೆಯೇ ಅಲ್ಲವೆ? ಡಿಸ್ಕಿಗೆ ಬರೆಯಬೇಕು, ಮೆಮೊರಿಯನ್ನು ಹಂಚಬೇಕು. ಇದಕ್ಕೆ ಹ್ಯಾಸ್ಕೆಲ್‌ನಲ್ಲಿ ಒಂದು ಜಾಣ ಉಪಾಯವಿದೆ. ಯಂತ್ರವನ್ನು ಮುಟ್ಟುವ ಕೆಲಸಕ್ಕೆಲ್ಲ ಮೇಲೆಯೇ ಒಂದು ಗುರುತು ಹಾಕುತ್ತಾರೆ. ಗುರುತಿಲ್ಲದ ಫಲನ ಮಡಿಯುಟ್ಟ ಹಾಗೆ. ಗುರುತಿರುವುದನ್ನು ಅದು ಕದ್ದುಮುಚ್ಚಿ ನಡೆಸಹೋದರೆ ಕಂಪೈಲರೇ ತಿರಸ್ಕರಿಸುತ್ತದೆ. ಇಲ್ಲಿನ ಮಡಿ ಮನುಷ್ಯರಿಗೆ ಸಂಬಂಧಿಸಿದುದಲ್ಲವಾದ್ದರಿಂದ ಅದು ನನಗೂ ಒಪ್ಪಿಗೆ.

ಇನ್ನು ತೊಡಕಿನ ಮಾತು. ಮೆಮೊರಿಯನ್ನು ಬಳಸಿದ ಮೇಲೆ ಹಿಂದಕ್ಕೆ ಪಡೆಯಬೇಕಷ್ಟೆ. ಪಂಕ್ತಿಯ ಊಟವನ್ನು ನೆನೆಯಿರಿ. ಸಿ ಭಾಷೆಯ ಪದ್ಧತಿಯಲ್ಲಿ ಉಂಡವನೇ ತನ್ನ ಎಲೆಯನ್ನು ಎತ್ತಬೇಕು. ಮರೆತರೆ ಜಾಗ ತುಂಬಿಹೋಗುತ್ತದೆ. ಉಣ್ಣುತ್ತಿರುವಾಗಲೇ ಯಾರಾದರೂ ಎತ್ತಿಬಿಟ್ಟರೆ ಅನ್ನ ನೆಲದ ಪಾಲು. ಕಳ್ಳರು ಗಣಕದೊಳಗೆ ನುಗ್ಗಲು ಕಾಯುವುದು ಇಂಥ ತಪ್ಪುಗಳನ್ನೇ. ಹ್ಯಾಸ್ಕೆಲ್ ಪದ್ಧತಿಯಲ್ಲಿ ಎಲೆ ತೆಗೆಯಲು ಬೇರೆ ಆಳು ಇದ್ದಾನೆ. ಈ ತಪ್ಪುಗಳು ಆಗುವುದಿಲ್ಲ. ಆದರೆ ಅವನು ಬಂದಾಗ ಬಡಿಸುವುದು ನಿಲ್ಲಬೇಕು, ಅವನು ಯಾವಾಗ ಬರುವನೆಂದು ಹೇಳುವಂತಿಲ್ಲ. ಹಾರುತ್ತಿರುವ ವಿಮಾನವನ್ನು ನಡೆಸುವ ತಿರುಳು ಹಾಗೆ ಕಾಯುತ್ತ ಕುಳಿತರೆ ಆಗದು.

ಆದರೂ ಪ್ರಯತ್ನ ಮಾಡಿದವರಿದ್ದಾರೆ. ೨೦೦೫ರಲ್ಲಿ ಅಮೆರಿಕದ ಆರೆಗಾನ್ ಪ್ರಾಂತದ ಸಂಶೋಧಕರು ‘ಹೌಸ್’ ಎಂಬ ವ್ಯವಸ್ಥೆಯನ್ನು ಬಹುಮಟ್ಟಿಗೆ ಹ್ಯಾಸ್ಕೆಲ್‌ನಲ್ಲಿಯೇ ಬರೆದು ಸಾಧಾರಣ ಪಿ.ಸಿ.ಯ ಮೇಲೆ ನಡೆಸಿ ತೋರಿಸಿದರು. ಆಗುವುದೇ ಇಲ್ಲವೆಂಬ ವಾದ ಅಲ್ಲಿಗೆ ಮುಗಿಯಿತು. ತಕ್ಕುದೇ ಎಂಬುದು ಮಾತ್ರ ಉಳಿಯಿತು.

ಅದಕ್ಕೆ ಉತ್ತರವೆಂದು ನಾನು ಮುಂದಿಡುವುದು ಆಸ್ಟ್ರೇಲಿಯದ ಸಿಡ್ನಿಯಲ್ಲಿ ನಡೆದ ಕೆಲಸವನ್ನು. ಅಲ್ಲಿನ ನಿಕ್ಟಾ ಸಂಸ್ಥೆಯಲ್ಲಿ ಗೆರ್ವಿನ್ ಕ್ಲೈನ್, ಗೆರ್ನೋಟ್ ಹೈಸರ್, ಕೆವಿನ್ ಎಲ್ಫಿನ್‌ಸ್ಟೋನ್ ಮೊದಲಾದವರು ಎಸ್‌ಇಎಲ್-೪ ಎಂಬ ಪುಟ್ಟ ತಿರುಳನ್ನು ಕಟ್ಟಿದರು. ಅವರು ಅದನ್ನು ಎರಡು ಸಲ ಬರೆದರು. ಮೊದಲು ಹ್ಯಾಸ್ಕೆಲ್‌ನಲ್ಲಿ ಬರೆದು, ಯಂತ್ರವನ್ನು ಅನುಕರಿಸುವ ಕ್ರಮವಿಧಿಗೆ ಜೋಡಿಸಿ, ನಿಜವಾದ ಬಳಕೆಯ ಕ್ರಮವಿಧಿಗಳನ್ನೇ ಅದರ ಮೇಲೆ ಓಡಿಸಿ ನೋಡಿದರು. ಅದು ಸರಿಯೆನ್ನಿಸಿದ ಮೇಲೆ ಕೈಯಿಂದಲೇ ಸಿ ಭಾಷೆಗೆ ಇಳಿಸಿದರು: ೮,೭೦೦ ಸಾಲು ಸಿ, ೬೦೦ ಸಾಲು ಅಸೆಂಬ್ಲಿ. ಹ್ಯಾಸ್ಕೆಲನ್ನೇ ಉಳಿಸಿಕೊಳ್ಳದುದಕ್ಕೆ ಎಲೆ ತೆಗೆಯುವ ಆಳು ಒಂದು ಕಾರಣ. ಇನ್ನೊಂದು, ಹ್ಯಾಸ್ಕೆಲ್ ನಡೆಯಲು ಬೇಕಾದ ಒಳ ಏರ್ಪಾಡು ತಿರುಳಿಗಿಂತಲೂ ಬಹಳ ದೊಡ್ಡದು. ಅದು ಸರಿಯೆಂದು ಸಾಧಿಸುವವರು ಯಾರು?

ನಮ್ಮ ತಂದೆಯವರು ಸೆಂಟ್ರಿಂಗ್ ಕೆಲಸದವರು. ತಾರಸಿಗೆ ಹಲಗೆ ಹೊಡೆದು, ಕಂಬ ಕೊಟ್ಟು, ಕಾಂಕ್ರೀಟು ಗಟ್ಟಿಯಾದ ಮೇಲೆ ಬಿಚ್ಚುತ್ತಾರೆ. ಗೃಹಪ್ರವೇಶದ ದಿನ ಆ ಹಲಗೆಗಳನ್ನು ಯಾರೂ ನೆನೆಯುವುದಿಲ್ಲ. ಈ ವೃತ್ತಾಂತವನ್ನು ಹೇಳಿದಾಗ ಅವರು, “ಹಂಗಾದ್ರೆ ಮೊದ್ಲು ಬರ್ದಿದ್ದು ಸೆಂಟ್ರಿಂಗು ಅನ್ನು” ಎಂದರು. ಮುಕ್ಕಾಲು ಪಾಲು ನಿಜ. ಆದರೆ ಇಲ್ಲಿ ಹಲಗೆಯನ್ನು ಬಿಚ್ಚಿ ಎಸೆಯಲಿಲ್ಲ. ಹ್ಯಾಸ್ಕೆಲ್ ಬರಹವನ್ನು ಇಸಬೆಲ್ ಎಂಬ ಪ್ರಮೇಯ ಸಾಧನೆಯ ಯಂತ್ರಕ್ಕೆ ತಾನಾಗಿಯೇ ಭಾಷಾಂತರವಾಗುವಂತೆ ಮಾಡಿ, ಎರಡು ಮೆಟ್ಟಿಲಿನ ಸಾಧನೆಯಲ್ಲಿ ನಡುವಿನ ಮೆಟ್ಟಿಲಾಗಿ ಇಟ್ಟುಕೊಂಡರು. ತಿರುಳು ಏನು ಮಾಡಬೇಕೆಂಬ ವಿವರಣೆಗೆ ಹ್ಯಾಸ್ಕೆಲ್ ಬರಹ ಒಪ್ಪುತ್ತದೆಂಬುದು ಮೊದಲ ಸಾಧನೆ. ಹ್ಯಾಸ್ಕೆಲ್ ಬರಹಕ್ಕೆ ಸಿ ಬರಹ ಒಪ್ಪುತ್ತದೆಂಬುದು ಎರಡನೆಯದು. ೨೦೦೯ರಲ್ಲಿ ಇದು ಪ್ರಕಟವಾದಾಗ ಸಾಧನೆಯ ಉದ್ದ ಸುಮಾರು ಎರಡು ಲಕ್ಷ ಸಾಲುಗಳಾಗಿತ್ತು!

ಸಿಕ್ಕ ತಪ್ಪುಗಳ ಲೆಕ್ಕ ಇದಕ್ಕಿಂತ ಸ್ವಾರಸ್ಯವಾದುದು. ಬಳಸಿ ನೋಡಿದಾಗ ಸಿ ಬರಹದಲ್ಲಿ ಕಂಡ ದೋಷಗಳು ೧೬. ಸಾಧನೆಗೆ ಕುಳಿತಾಗ ಹೊರಬಿದ್ದವು ಇನ್ನೂ ೧೪೪. ಅವು ಹೆಚ್ಚಾಗಿ ಕೈತಪ್ಪು, ಓದಿನ ತಪ್ಪು, ಒಂದು ಕಡೆ ತಿದ್ದಿ ಇನ್ನೊಂದು ಕಡೆ ಬಿಟ್ಟದ್ದು. ಯುಕ್ತಿಯೇ ಕೆಟ್ಟಿದ್ದ ದೋಷ ಅವುಗಳಲ್ಲಿ ಒಂದೂ ಇರಲಿಲ್ಲ. ಏಕೆಂದರೆ ಅಂಥವು ಮೊದಲ ಮೆಟ್ಟಿಲಿನಲ್ಲಿ, ಹ್ಯಾಸ್ಕೆಲ್ ಬರಹದ ಮೇಲೆ ಸಾಧನೆ ನಡೆದಾಗಲೇ ಸಿಕ್ಕಿಬಿದ್ದಿದ್ದುವು. ಹೊರಗಿನಿಂದ ಬಂದುದನ್ನು ಪರೀಕ್ಷಿಸದೆ ಒಳಗೆ ಬಿಡುವುದು ಅವುಗಳಲ್ಲೊಂದು. ನನ್ನ ಮಟ್ಟಿಗೆ ಉನ್ನತ ಭಾಷೆಯ ಬೆಲೆ ಇಲ್ಲಿದೆ. ಅದು ಯಂತ್ರವನ್ನು ನಡೆಸದೆ ಹೋಯಿತೆಂದು ಹೀಗಳೆಯುವವರು ಈ ಲೆಕ್ಕವನ್ನು ನೋಡಬೇಕು.

ಎರಡು ಸಲ ಬರೆಯುವುದು ದಂಡವಲ್ಲವೆ ಎಂದರೆ, ಹ್ಯಾಸ್ಕೆಲ್ ಬರಹಕ್ಕೆ ಒಬ್ಬಾಳಿನ ಲೆಕ್ಕದಲ್ಲಿ ಸುಮಾರು ಎರಡು ವರ್ಷ ಹಿಡಿಯಿತು, ಸಿ ಭಾಷೆಗೆ ಇಳಿಸಲು ಸುಮಾರು ಎರಡು ತಿಂಗಳು. ದುಬಾರಿಯಾದುದು ಸಾಧನೆ: ಅದಕ್ಕಾಗಿ ಹೊಸದಾಗಿ ಮಾಡಿಕೊಂಡ ಸಲಕರಣೆಗಳನ್ನೂ ಸೇರಿಸಿ ಇಪ್ಪತ್ತು ವರ್ಷಗಳಷ್ಟು ಕೆಲಸ. ಎಲ್ಲ ಕ್ರಮವಿಧಿಗೂ ಇಷ್ಟು ಖರ್ಚು ಮಾಡಲಾಗದು. ಮುಂದೆ ಬೋಯಿಂಗ್ ಕಂಪನಿಯ ಚಾಲಕನಿಲ್ಲದ ಹೆಲಿಕಾಪ್ಟರಿನಲ್ಲಿ ಈ ತಿರುಳನ್ನಿಟ್ಟು ಪರೀಕ್ಷಿಸಿದರೆಂಬುದನ್ನು ನೋಡಿದರೆ, ಖರ್ಚಿಗೆ ತಕ್ಕ ಜಾಗಗಳೂ ಉಂಟೆಂದು ತಿಳಿಯುತ್ತದೆ. ೨೦೧೪ರಿಂದ ಅದರ ಬರಹವೂ ಸಾಧನೆಯೂ ಯಾರು ಬೇಕಾದರೂ ಓದಲು ದೊರೆಯುತ್ತವೆ.

ಸಾಧನೆಗೂ ಎಲ್ಲೆಯಿದೆ. ೨೦೦೯ರಲ್ಲಿ ಕಂಪೈಲರು, ಅಸೆಂಬ್ಲಿಯ ಸಾಲುಗಳು, ಯಂತ್ರವನ್ನು ಎಬ್ಬಿಸುವ ಬರಹ, ಯಂತ್ರ ತಾನೇ, ಇಷ್ಟೂ ಸರಿಯಾಗಿವೆಯೆಂದು ನಂಬಿಯೇ ಅದನ್ನು ನಡೆಸಿದ್ದರು. ೨೦೧೩ರ ಹೊತ್ತಿಗೆ ಕಂಪೈಲರು ಕೊಟ್ಟ ಯಂತ್ರಸಂಕೇತವನ್ನೇ ಹಿಡಿದು ಪರೀಕ್ಷಿಸಿ, ಆ ಒಂದು ನಂಬಿಕೆಯನ್ನು ಪಟ್ಟಿಯಿಂದ ತೆಗೆದರು. ಯಂತ್ರದ ಮೇಲಿನ ನಂಬಿಕೆ ಹಾಗೆಯೇ ಉಳಿಯಿತು.