ಒಂದು ಕೆಲಸಕ್ಕೆ ಒಂದೇ ಹೆಸರು

"ಅವರು ನೋಡ್ಕೋತಾರೆ ಅಂದ್ಕೊಂಡಿದ್ದೆ." ಕೆಲಸ ಕೆಟ್ಟ ಮೇಲೆ ಈ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಹಾಗೆ ಹೇಳುವವರೆಲ್ಲ ಸೋಮಾರಿಗಳಲ್ಲ. ಆ ಕೆಲಸಕ್ಕೆ ಯಾರು ಉತ್ತರ ಹೇಳಬೇಕು ಎಂಬುದೇ ಎಷ್ಟೋ ಸಲ ತೀರ್ಮಾನವಾಗಿರುವುದಿಲ್ಲ. ಈ ಹೊಣೆಯೇ ಅಕೌಂಟಬಿಲಿಟಿ, ಅಂದರೆ ಉತ್ತರದಾಯಿತ್ವ.

ಅದನ್ನು ಮೊದಲೇ ಗೊತ್ತುಮಾಡಲು ರೇಸಿ ಎಂಬ ಪಟ್ಟಿ ಇದೆ. ಒಂದು ಹಾಳೆ ಸಾಕು. ಎಡಕ್ಕೆ ಕೆಲಸಗಳನ್ನು ಬರೆಯಿರಿ, ಮೇಲೆ ಹೆಸರುಗಳನ್ನು. ಪ್ರತಿ ಕೆಲಸದ ಎದುರು, ಹೆಸರಿನ ಕೆಳಗೆ, ಅವರ ಪಾತ್ರ ಬರೆಯಿರಿ. ಪಾತ್ರಗಳು ನಾಲ್ಕು. ಕೈಯಾರೆ ಮಾಡುವವರು ರೆಸ್ಪಾನ್ಸಿಬಲ್. ಕೊನೆಗೆ ಉತ್ತರ ಹೇಳುವವರು ಅಕೌಂಟಬಲ್. ಮುಂಚೆಯೇ ಸಲಹೆ ಕೇಳಬೇಕಾದವರು ಕನ್ಸಲ್ಟೆಡ್. ವಿಷಯ ತಿಳಿಸಿದರೆ ಸಾಕಾದವರು ಇನ್‌ಫಾರ್ಮ್ಡ್. ಮಾಡುವವರು ನಾಲ್ಕು ಜನ ಇರಲಿ, ಉತ್ತರ ಹೇಳುವವರು ಒಬ್ಬರೇ ಇರಬೇಕು.

ನಮ್ಮ ಹಳ್ಳಿಗಳ ಡೇರಿಯನ್ನೇ ನೋಡಿ. ಹಾಲಿನ ಫ್ಯಾಟ್ ಮತ್ತು ಎಸ್‌ಎನ್‌ಎಫ್, ಅಂದರೆ ಜಿಡ್ಡು ಮತ್ತು ಜಿಡ್ಡಲ್ಲದ ಘನಾಂಶ ನೋಡಿ ದರ ಕಟ್ಟುತ್ತಾರೆ. "ಫ್ಯಾಟ್ ಕಡಿಮೆ ತೋರಿಸ್ತಿದೆ" ಎಂದು ಸದಸ್ಯರೊಬ್ಬರು ಬಂದರೆ ಯಾರ ಹತ್ತಿರ ಹೋಗಬೇಕು? ಪರೀಕ್ಷಕರು ಮಷೀನು ಎನ್ನುತ್ತಾರೆ, ಕಾರ್ಯದರ್ಶಿ ಸ್ಯಾಂಪಲ್ ಎನ್ನುತ್ತಾರೆ. ಇಲ್ಲಿ ಕೆಲಸ ಎರಡು: ಪರೀಕ್ಷೆ ಮತ್ತು ದೂರು. ಅಳತೆಯಲ್ಲಿ ಕರಾರುವಾಕ್ಕಾದವರಿಗೆ ಸಿಟ್ಟಾದ ಸದಸ್ಯರನ್ನು ಸಮಾಧಾನ ಮಾಡಲು ಬರದೇ ಇರಬಹುದು. ಅದು ಬರುವ ಇನ್ನೊಬ್ಬರ ಹೆಸರನ್ನು ದೂರಿನ ಮುಂದೆ ಬರೆಯಿರಿ.

ಯಾರ ಬಲ ಯಾವುದು ಎಂದು ತಿಳಿಯುವುದು ಹೇಗೆ? ಇದಕ್ಕೆ ಪ್ರಶ್ನಾವಳಿಗಳಿವೆ. ಗ್ಯಾಲಪ್ ಸಂಸ್ಥೆಯ ಕ್ಲಿಫ್ಟನ್‌ಸ್ಟ್ರೆಂತ್ಸ್‌ಗೆ ದುಡ್ಡು ಕೊಡಬೇಕು. ಅದರಲ್ಲಿ 177 ಜೋಡಿ ಹೇಳಿಕೆಗಳಿದ್ದು, ಒಂದೊಂದಕ್ಕೆ 20 ಸೆಕೆಂಡು ಸಮಯ. ಅದು ಬಲಗಳನ್ನು 34 ಬಗೆಯಾಗಿ ವಿಂಗಡಿಸುತ್ತದೆ. ವಿಐಎ ಸಂಸ್ಥೆಯ ಪ್ರಶ್ನಾವಳಿ ಅಂತರ್ಜಾಲದಲ್ಲಿ ಉಚಿತ. ಅದು 24 ಗುಣಗಳನ್ನು ಅಳೆಯುತ್ತದೆ. ಆದರೆ ಎರಡರಲ್ಲೂ ನಮ್ಮ ಬಗ್ಗೆ ನಾವೇ ಹೇಳಿಕೊಂಡಿದ್ದೇ ಫಲಿತಾಂಶವಾಗಿ ಬರುತ್ತದೆ. ಸಣ್ಣ ಕಚೇರಿಗೆ ಮ್ಯಾನೇಜ್‌ಮೆಂಟ್ ಚಿಂತಕ ಪೀಟರ್ ಡ್ರಕರ್ 1999ರಲ್ಲಿ ಬರೆದ ದಾರಿಯೇ ಮೇಲು ಎಂಬುದು ನನ್ನ ಅನಿಸಿಕೆ. ಮುಖ್ಯವಾದ ಕೆಲಸ ಕೈಗೆತ್ತಿಕೊಳ್ಳುವಾಗ ಏನಾಗಬಹುದೆಂದು ಬರೆದಿಡಬೇಕು. 9ರಿಂದ 12 ತಿಂಗಳ ಮೇಲೆ ಆದದ್ದನ್ನು ಅದರ ಜೊತೆ ಹೋಲಿಸಬೇಕು. ಖರ್ಚು ಒಂದು ನೋಟ್‌ಬುಕ್ಕಿನದು. ಎರಡು ಮೂರು ಸಲ ಮಾಡಿದರೆ ಯಾರಿಗೆ ಯಾವುದು ಒಲಿದಿದೆ ಎಂದು ಕಾಣತೊಡಗುತ್ತದೆ.

"ಲೆಕ್ಕ ಬರೆಯುವುದು ನನಗೆ ಒಗ್ಗಲ್ಲ" ಎಂದರೆ ಬಿಟ್ಟುಬಿಡಬೇಕೇ? ಬೇಡ. ಲೆಕ್ಕ ನಿಲ್ಲುವಂತಿಲ್ಲ. ಕಲಿಸಿ, ಇಲ್ಲವೇ ಜೊತೆಗೊಬ್ಬರನ್ನು ಕೊಡಿ.

ಬಲ ನೋಡಿ ಕೆಲಸ ಕೊಡುವುದರಲ್ಲಿ ಒಂದು ದೊಡ್ಡ ಅಪಾಯವಿದೆ. ಚೆನ್ನಾಗಿ ಮಾಡುವವರ ತಲೆಗೇ ಎಲ್ಲ ಬೀಳುತ್ತದೆ. ಅವರು ದಣಿದು ಬಿಟ್ಟು ಹೋಗುವ ತನಕ ಯಾರಿಗೂ ಗೊತ್ತಾಗುವುದಿಲ್ಲ. ಹಾಗಾಗಿ ಪಟ್ಟಿಯನ್ನು ಮೇಲಿಂದ ಕೆಳಕ್ಕೂ ಓದಿ. ಒಬ್ಬರ ಹೆಸರಿನ ಕೆಳಗೇ ಅಕೌಂಟಬಲ್ ಸಾಲುಗಟ್ಟಿದ್ದರೆ ಹಂಚಿ.

ಹೊಣೆ ಕೊಟ್ಟವರಿಗೆ ಅಧಿಕಾರವನ್ನೂ ಕೊಡಿ. ಮಷೀನು ತಪ್ಪು ತೋರಿಸುತ್ತಿದೆ ಎಂದು ಗೊತ್ತಾದರೂ ರಿಪೇರಿಯವರನ್ನು ಕರೆಸುವ ಅನುಮತಿ ಪರೀಕ್ಷಕರಿಗೆ ಇಲ್ಲದಿದ್ದರೆ, ಅವರನ್ನು ಉತ್ತರ ಕೇಳುವುದು ಅನ್ಯಾಯ. ಎಷ್ಟು ರೂಪಾಯಿವರೆಗೆ ಯಾರನ್ನೂ ಕೇಳದೆ ಖರ್ಚು ಮಾಡಬಹುದು ಎಂಬುದನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ಯಾರಾದರೂ ಕೆಲಸ ಬಿಟ್ಟ ದಿನವೇ ಪಟ್ಟಿ ತಿದ್ದಿ, ಎಲ್ಲರಿಗೂ ಕಾಣುವ ಕಡೆ ಅಂಟಿಸಿ.