ಐಷಾರಾಮಿ ಕಾರಿಗೊಂದು ಮೆಟ್ಟು

ಅಂಗಳಕ್ಕೆ ರೇಂಜ್ ರೋವರ್ ಬಂದರೂ ಮನೆಯ ಅಜ್ಜಿಯನ್ನು ಅದಕ್ಕೆ ಹತ್ತಿಸಲು ಇಬ್ಬರು ಕೈಕೊಡಬೇಕು. ಬಾಗಿಲ ಕೆಳಗೆ ಫುಟ್‌ಬೋರ್ಡ್ ಜೋಡಿಸುವವರು ಹೆಚ್ಚುತ್ತಿರುವುದು ಇದಕ್ಕಾಗಿಯೇ. ಇದು ಹೊಸತೇನಲ್ಲ, 1908ರ ಫೋರ್ಡ್ ಮಾಡೆಲ್ ಟಿ ಕಾರಿಗೂ ಇತ್ತು. ಕಾರುಗಳ ಮೈ ತಗ್ಗಿ ಅಗಲವಾದಂತೆ ಮರೆಯಾಯಿತು.

ಹಲಗೆಗಿಂತಲೂ ಅದನ್ನು ಬಿಗಿಯುವ ಜಾಗವೇ ಮುಖ್ಯವೆಂದು ನಾವು ಹೇಳುತ್ತೇವೆ. ಏರುವವರ ಪೂರ್ತಿ ಭಾರ ಬೀಳುವುದು ಬ್ರಾಕೆಟ್ಟಿನ ಮೇಲೆ. 2012ರಲ್ಲಿ ಬಂದ ರೇಂಜ್ ರೋವರಿನ ಒಡಲು ಅಲ್ಯೂಮಿನಿಯಮಿನದು. ಅದಕ್ಕೆ ಉಕ್ಕಿನ ಬ್ರಾಕೆಟ್ಟು ನೇರವಾಗಿ ತಾಗಿ, ನಡುವೆ ಉಪ್ಪಿನ ತೇವ ಸೇರಿದರೆ ಅಲ್ಯೂಮಿನಿಯಂ ಸವೆಯತೊಡಗುತ್ತದೆ. ನಮ್ಮಂತಹ ಕಡಲ ತೀರದಲ್ಲಿ ಇದು ಸಣ್ಣ ಮಾತಲ್ಲ. ಕಂಪೆನಿ ಬಿಟ್ಟಿರುವ ತೂತುಗಳಿದ್ದಲ್ಲಿ ಹೊಸದಾಗಿ ಕೊರೆಯಲು ಬಿಡಬಾರದು. ಎರಡು ಲೋಹಗಳ ನಡುವೆ ರಬ್ಬರಿನಂತಹ ತಡೆಯೂ ಬೇಕು.

ಕಾನೂನೂ ಉಂಟು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರ ಮೂಲ ವಿವರಗಳಿಗೆ ಹೊಂದದ ಮಾರ್ಪಾಡನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿದದ್ದು ಕೇರಳದಿಂದ ಹೋದ ಮೊಕದ್ದಮೆಯಲ್ಲಿಯೇ. ಆ ಮಾದರಿಗೆಂದೇ ಕಂಪೆನಿ ಕೊಡುವ ಹಲಗೆಯನ್ನು ಆರಿಸಿ, ಮೊದಲೇ ಆರ್.ಟಿ. ಕಚೇರಿಯಲ್ಲಿ ವಿಚಾರಿಸುವುದು ಲೇಸು.

ಏರ್ ಸಸ್ಪೆನ್ಷನ್ ಇರುವ ಗಾಡಿ ಗುಂಡಿಯೊತ್ತಿದರೆ ತಾನೇ ತಗ್ಗುತ್ತದೆ. ಮೊಣಕಾಲು ನೋವಿನವರಿಗೆ ಅದಷ್ಟೇ ಸಾಲದಿರಬಹುದು. ಆಗಲೂ ಅಂದಕ್ಕೆಂದು ಮಾಡಿದ ಕಿರಿದಾದ ಹಲಗೆ ಬೇಡ. ಪಾದ ಊರಲಾಗದ ಅಂತಹದ್ದು ಸೀರೆಯಂಚಿಗೆ ಕೆಸರು ಬಳಿಯುತ್ತದೆ, ಅಷ್ಟೇ. ಬಾಗಿಲು ತೆರೆದಾಗ ಹೊರಬರುವ ವಿದ್ಯುತ್ ಮೆಟ್ಟೂ ಇದೆ. ಮಳೆಗಾಲದಲ್ಲಿ ಅದರ ಸಂದುಗಳ ಕೆಸರನ್ನು ಆಗಾಗ ತೊಳೆಯುತ್ತಿರಬೇಕು.